ಮಳೆಯಲ್ಲಿ ಗೂಬೆ ಫೋಟೋ: ಹಕ್ಕಿಗೂ ತೊಂದರೆ ಬೇಡ, ಕ್ಯಾಮೆರಾಗೂ ಬೇಡ

ಮಳೆಯಲ್ಲಿ ಗೂಬೆ ಫೋಟೋ ತೆಗೆಯಲು ಹೊರಡುವವರಿಗೆ ಒಂದು ವಿಷಯ ಗೊತ್ತಿರಬೇಕು. ಸದ್ದಿಲ್ಲದೆ ಹಾರಲು ನೆರವಾಗುವ ಗೂಬೆಯ ಮೆತ್ತನೆಯ ಗರಿ ನೀರನ್ನು ಅಷ್ಟಾಗಿ ತಡೆಯುವುದಿಲ್ಲ. ಮಳೆಯ ಸದ್ದಿನಲ್ಲಿ ಇಲಿಯ ಸಪ್ಪಳವೂ ಸರಿಯಾಗಿ ಕೇಳಿಸದು. ಹಾಗಾಗಿ ಜೋರು ಮಳೆಯಲ್ಲಿ ಎಷ್ಟೋ ಸಲ ಅದು ಹಸಿದುಕೊಂಡೇ ಕೂತಿರುತ್ತದೆ. ಅಂಥದ್ದನ್ನು ಸುಮ್ನೆ ಎಬ್ಬಿಸಿದರೆ ಇರುವ ಶಕ್ತಿಯೂ ಖರ್ಚು, ಅಲ್ವಾ? ಮೈ ಸಣ್ಣ ಮಾಡಿಕೊಂಡು, ನೆಟ್ಟಗೆ ಕೂತು ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ. ನಿಧಾನಕ್ಕೆ ಹಿಂದೆ ಸರಿಯಿರಿ. ಫ್ಲಾಶ್, ಗೂಬೆಯನ್ನು ಸೆಳೆಯಲು ಕೂಗಿನ ರೆಕಾರ್ಡಿಂಗ್ ಹಾಕುವುದು ಎರಡೂ ಬೇಡವೇ ಬೇಡ.

ನನ್ನ ಪ್ರಕಾರ ಒಳ್ಳೆಯ ಸಮಯ ಮಳೆ ನಿಂತ ಮೇಲಿನದು. ಹಸಿದ ಗೂಬೆ ಕೆಲವೊಮ್ಮೆ ಹಗಲಲ್ಲೇ ಬೇಟೆಗೆ ಹೊರಡುತ್ತದೆ. ದೂರದಲ್ಲಿ ಕಾಯಿರಿ.

ಕೂತ ಹಕ್ಕಿಗೆ ಟ್ರೈಪಾಡ್ ಮೇಲೆ 1/60 ಸೆಕೆಂಡ್ ಶಟರ್ ವೇಗ ಸಾಕು, ಮಳೆಯೂ ಗೆರೆಗೆರೆಯಾಗಿ ಚೆಂದ ಬರುತ್ತದೆ. ಹಾರುವಾಗ 1/1600 ಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ಕ್ಕೆ ಹೋದರೂ ಹೆದರಬೇಡಿ. ಫೋಕಸ್ ಹನಿಗಳ ಮೇಲೆ ಕೂರದಂತೆ ಒಂದೇ ಪಾಯಿಂಟನ್ನು ಕಣ್ಣಿನ ಮೇಲಿಡಿ. ಹಿಂದೆ ಬಿಳಿ ಮೋಡವಿದ್ದರೆ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು ಬೆಳಕು) ಏರಿಸಿ. ಲೆನ್ಸ್ ಹುಡ್ (ಲೆನ್ಸ್ ಮುಂದೆ ಹಾಕುವ ಮರೆ) ಇರಲೇಬೇಕು. ಚಳಿಯಿಂದ ಬೆಚ್ಚನೆಯ ಕೋಣೆಗೆ ಬರುವ ಮುಂಚೆಯೇ ಕ್ಯಾಮೆರಾ ಒರೆಸಿ ಬ್ಯಾಗಿನಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಲೆನ್ಸ್ ಮೇಲೆ ತೇವ ಕೂರುತ್ತದೆ.