ಡೆಬಿಯನ್ 12ಕ್ಕೆ ಅಪ್‌ಗ್ರೇಡ್ ಆದ ಮೇಲೆ ಬ್ರೈಟ್‌ನೆಸ್ ಸ್ಲೈಡರ್ ಕಾಣೆ: ಹಳೇ ಮದ್ದೇ ಹೊಸ ಕಾಯಿಲೆ

ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 11ನೇ ಆವೃತ್ತಿಯಿಂದ 12ಕ್ಕೆ ಅಪ್‌ಗ್ರೇಡ್ ಮುಗಿಸಿ ರೀಸ್ಟಾರ್ಟ್ ಮಾಡಿದಾಗ ವೈಫೈ, ಆಡಿಯೊ, ಟಚ್‌ಪ್ಯಾಡ್ ಎಲ್ಲ ಸರಿಯಿತ್ತು. ಗ್ನೋಮ್ ಎಂಬ ಡೆಸ್ಕ್‌ಟಾಪಿನ ಮೆನುವಿನಲ್ಲಿ ಬ್ರೈಟ್‌ನೆಸ್ ಸ್ಲೈಡರ್ ಮಾತ್ರ ಇಲ್ಲ. ಸ್ಕ್ರೀನು ಪೂರ್ತಿ ಬೆಳಕಿನಲ್ಲಿ ಉರಿಯುತ್ತಿತ್ತು. ಎಫ್‌ಎನ್ ಕೀ ಎಷ್ಟು ಒತ್ತಿದರೂ ಜಗ್ಗಲಿಲ್ಲ. ಇಂಟೆಲ್ ಗ್ರಾಫಿಕ್ಸ್ ಒಂದೇ ಇರುವ ಹಳೆಯ ಲ್ಯಾಪ್‌ಟಾಪ್ ಅದು.

ಕೈಗೆ ಸಿಕ್ಕ ಪರಿಹಾರವನ್ನೆಲ್ಲ ಹಚ್ಚುವ ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕಬೇಕು. ಕೀಬೋರ್ಡಿನಲ್ಲೋ, ಡೆಸ್ಕ್‌ಟಾಪಿನಲ್ಲೋ, ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲೋ? ಇದನ್ನು ಹೇಳುವ ಜಾಗ ಒಂದೇ: /ಸಿಸ್/ಕ್ಲಾಸ್/ಬ್ಯಾಕ್‌ಲೈಟ್ ಎಂಬ ಫೋಲ್ಡರ್. (ಕಮಾಂಡುಗಳನ್ನು ಇಲ್ಲಿ ಓದುವುದಕ್ಕೆಂದು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.) ಇಂಟೆಲ್ ಯಂತ್ರವಾದರೆ ಅದರೊಳಗೆ ‘ಇಂಟೆಲ್_ಬ್ಯಾಕ್‌ಲೈಟ್’ ಎಂಬ ಸಾಧನ ಇರಬೇಕು, ಎಎಂಡಿ ಆದರೆ ‘ಎಎಂಡಿಜಿಪಿಯು_ಬಿಎಲ್0’ ಅಥವಾ ‘ಬಿಎಲ್1’. ‘ಎಲ್‌ಎಸ್’ ಕೊಟ್ಟು ನೋಡಿದರೆ ನನ್ನದು ಖಾಲಿ. ಅಲ್ಲಿಗೆ ಗ್ನೋಮ್ ಸೆಟ್ಟಿಂಗ್ಸ್ ಕೆದಕುವ ಕೆಲಸ ತಪ್ಪಿತು; ಕರ್ನಲ್ಲೇ ಸಾಧನವನ್ನು ಕೊಟ್ಟಿಲ್ಲ ಎಂದ ಮೇಲೆ ಗ್ನೋಮ್ ಸ್ಲೈಡರ್ ತೋರಿಸುವುದಾದರೂ ಯಾವುದಕ್ಕೆ?

ಮುಂದೆ ಕರ್ನಲ್ ಲಾಗ್: ‘ಸುಡೊ ಡಿಮೆಸೇಜ್ | ಗ್ರೆಪ್ -ಐ ಬ್ಯಾಕ್‌ಲೈಟ್’. ‘ಡಿಮೆಸೇಜ್’ ಎಂದು ಓದಿದರೂ ಬರೆಯುವುದು ಡಿ-ಎಂ-ಇ-ಎಸ್-ಜಿ ಎಂಬ ಐದೇ ಅಕ್ಷರ. ಸಿಕ್ಕ ಸಾಲು: ‘ಸ್ಕಿಪ್ಪಿಂಗ್ ಇಂಟೆಲ್_ಬ್ಯಾಕ್‌ಲೈಟ್ ರಿಜಿಸ್ಟ್ರೇಷನ್’. ಅಂದರೆ ಡ್ರೈವರ್ ಕೆಟ್ಟಿಲ್ಲ, ಯಾರೋ ಬೇಡ ಎಂದಿದ್ದಕ್ಕೆ ಸುಮ್ಮನಿದೆ. ಬೇಡ ಎಂದವರು ಯಾರು ಎನ್ನುವುದು ಬೂಟ್ ಆಗುವಾಗ ಕರ್ನಲ್‌ಗೆ ಕೊಟ್ಟ ಸೂಚನೆಗಳ ಸಾಲನ್ನು ತೋರಿಸುವ ‘ಕ್ಯಾಟ್ /ಪ್ರಾಕ್/ಸಿಎಂಡಿಲೈನ್’ ಕೊಟ್ಟಾಗ ಗೊತ್ತಾಯಿತು. ಸಾಲಿನ ಕೊನೆಯಲ್ಲಿ ‘ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್’ ಕೂತಿತ್ತು. ಹಿಂದೊಮ್ಮೆ ಇದೇ ಬ್ರೈಟ್‌ನೆಸ್ ತೊಂದರೆಗೆಂದು ನಾನೇ ಹಾಕಿದ್ದು.

ಅವತ್ತು ಕೆಲಸ ಮಾಡಿದ್ದು ಇವತ್ತು ಯಾಕೆ ಕೆಡಿಸಿತು ಎಂದರೆ, ಹಳೆಯ ಕರ್ನಲ್‌ಗಳಲ್ಲಿ ಒಂದೇ ಪ್ಯಾನೆಲ್‌ಗೆ (ಸ್ಕ್ರೀನಿಗೆ) ಎರಡು ಸಾಧನಗಳು ಇರಬಹುದಿತ್ತು. ಫರ್ಮ್‌ವೇರ್ (ಯಂತ್ರದೊಳಗೇ ಕೂತಿರುವ ತಂತ್ರಾಂಶ) ಕೊಡುವ ‘ಎಸಿಪಿಐ_ವಿಡಿಯೊ0’ ಒಂದು, ಗ್ರಾಫಿಕ್ಸ್ ಡ್ರೈವರ್ ಕೊಡುವ ‘ಇಂಟೆಲ್_ಬ್ಯಾಕ್‌ಲೈಟ್’ ಇನ್ನೊಂದು. ಡೆಸ್ಕ್‌ಟಾಪ್ ಫರ್ಮ್‌ವೇರಿನದ್ದಕ್ಕೇ ಮೊದಲ ಮಣೆ ಹಾಕುತ್ತಿತ್ತು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಹೆಸರಿಗಷ್ಟೇ: ಸ್ಲೈಡರ್ ಓಡುತ್ತದೆ, ಬೆಳಕು ಬದಲಾಗುವುದಿಲ್ಲ. ‘ವೆಂಡರ್’ ಎಂದರೆ ಆ ಫರ್ಮ್‌ವೇರ್ ಸಾಧನ ಮರೆಯಾಗಿ ಇಂಟೆಲ್‌ನದ್ದು ಉಳಿಯುತ್ತಿತ್ತು, ಸಮಸ್ಯೆ ಮುಗಿಯುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ 6.1 ಕರ್ನಲ್‌ನಲ್ಲಿ ಕರ್ನಲ್ ಡೆವಲಪರ್ ಹಾನ್ಸ್ ಡಿ ಗೋಡೆ ಈ ಭಾಗವನ್ನು ತಿದ್ದಿ ಬರೆದರು. ಒಂದು ಪ್ಯಾನೆಲ್‌ಗೆ ಒಂದೇ ಸಾಧನ ಎಂಬ ನಿಯಮ ಬಂತು. ಈಗ ‘ವೆಂಡರ್’ ಎಂದರೆ ಲ್ಯಾಪ್‌ಟಾಪ್ ಕಂಪನಿಯ ಪ್ರತ್ಯೇಕ ಡ್ರೈವರ್ರೇ ಬೆಳಕನ್ನು ನೋಡಿಕೊಳ್ಳಲಿ, ಉಳಿದವು ಸುಮ್ಮನಿರಲಿ ಎಂದರ್ಥ. ಅಂಥ ಡ್ರೈವರ್ ಇಲ್ಲದ ಯಂತ್ರದಲ್ಲಿ ಯಾವುದೂ ಉಳಿಯುವುದಿಲ್ಲ. ಡೆಬಿಯನ್ 11ರ ಕರ್ನಲ್ 5.10, 12ರದ್ದು ಸರಿಯಾಗಿ ಅದೇ 6.1. ಅಪ್‌ಗ್ರೇಡ್ ಮಾಡಿದ ದಿನವೇ ಬೆಳಕು ಕೈಕೊಟ್ಟದ್ದು ಇದಕ್ಕೆ.

ಫೈಲ್ ತಿದ್ದುವ ಮೊದಲು ಒಂದು ಬೂಟ್‌ಗೆ ಮಾತ್ರ ಪರೀಕ್ಷೆ ಮಾಡಿಕೊಂಡೆ. ಲಿನಕ್ಸನ್ನು ಬೂಟ್ ಮಾಡುವ ಗ್ರಬ್ ಪ್ರೋಗ್ರಾಮಿನ ಮೆನು ಬಂದಾಗ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿಗೆ ಹೋಗಿ, ಆ ‘ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್’ ಪದವನ್ನು ಅಳಿಸಿ, ಕಂಟ್ರೋಲ್-ಎಕ್ಸ್ ಅಥವಾ ಎಫ್10. ಏನಾದರೂ ಎಡವಟ್ಟಾದರೆ ಮತ್ತೆ ರೀಸ್ಟಾರ್ಟ್ ಮಾಡಿದರಾಯಿತು, ಬದಲಾವಣೆ ಉಳಿಯುವುದಿಲ್ಲ. ಸ್ಲೈಡರ್ ಮರಳಿ ಬಂತು. ಆಮೇಲೆ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನ ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್’ ಸಾಲಿನಲ್ಲಿ ‘ಕ್ವಯಟ್’ ಒಂದನ್ನೇ ಉಳಿಸಿ ‘ಸುಡೊ ಅಪ್‌ಡೇಟ್-ಗ್ರಬ್’ ಕೊಟ್ಟೆ. ಈ ಕೊನೆಯ ಕಮಾಂಡ್ ಮರೆತರೆ ಫೈಲ್ ತಿದ್ದಿದ್ದು ದಂಡ.

ಪದ ತೆಗೆದರೂ ಸರಿಹೋಗದಿದ್ದರೆ ಅದೇ ಗ್ರಬ್ ಮೆನುವಿನಲ್ಲಿ ‘ವೆಂಡರ್’ ಜಾಗಕ್ಕೆ ‘ನೇಟಿವ್’, ಆಮೇಲೆ ‘ವಿಡಿಯೊ’, ಹೀಗೆ ಒಂದೊಂದಾಗಿ ನೋಡಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತೆಂದೇ ತಿಳಿಯುವುದಿಲ್ಲ.

ಸಾಧನ ನಿಜವಾಗಿ ಪ್ಯಾನೆಲ್ಲನ್ನು ಆಳುತ್ತಿದೆಯೇ ಎಂದು ನೋಡಲು ಅದರೊಳಗಿನ ‘ಮ್ಯಾಕ್ಸ್_ಬ್ರೈಟ್‌ನೆಸ್’ ಫೈಲಿನ ಸಂಖ್ಯೆ ಓದಿ, ಅದರ ಅರ್ಧವನ್ನು ‘ಬ್ರೈಟ್‌ನೆಸ್’ ಫೈಲಿಗೆ ಬರೆಯುತ್ತೇನೆ. ಈ ಗರಿಷ್ಠ ಎಲ್ಲ ಕಡೆ ಒಂದೇ ಅಲ್ಲ. ಒಂದು ಯಂತ್ರದಲ್ಲಿ 255, ಇನ್ನೊಂದರಲ್ಲಿ ಸಾವಿರಗಟ್ಟಲೆ. ಇಲ್ಲಿ ಬಹಳ ಜನ ಎಡವುತ್ತಾರೆ: ‘ಸುಡೊ ಎಕೋ’ ಎಂದು ಬರೆದು ಬಾಣದ ಗುರುತಿನಿಂದ ಫೈಲಿಗೆ ಕಳಿಸಿದರೆ ಅನುಮತಿ ಇಲ್ಲ ಎನ್ನುತ್ತದೆ. ಸುಡೊ ಸಿಗುವುದು ಎಕೋಗೆ, ಫೈಲ್ ತೆರೆಯುವುದು ನಿಮ್ಮ ಶೆಲ್. ‘ಎಕೋ 400 | ಸುಡೊ ಟೀ’ ಎಂದು ಬರೆದು ಮುಂದೆ ಫೈಲಿನ ದಾರಿ ಕೊಡಬೇಕು (400ರ ಜಾಗದಲ್ಲಿ ನಿಮ್ಮ ಯಂತ್ರದ ಅರ್ಧ ಸಂಖ್ಯೆ). ಸೊನ್ನೆ ಮಾತ್ರ ಬರೆಯಬೇಡಿ, ಕೆಲವು ಪ್ಯಾನೆಲ್‌ಗಳು ಪೂರ್ತಿ ಕಪ್ಪಾಗುತ್ತವೆ. ಆಮೇಲೆ ಕಣ್ಣು ಮುಚ್ಚಿಕೊಂಡು ಟೈಪ್ ಮಾಡಬೇಕಾಗುತ್ತದೆ.

ಸಂಖ್ಯೆ ಬದಲಾದರೂ ಬೆಳಕು ಬದಲಾಗದಿದ್ದರೆ ಅದು ಬೇರೆಯೇ ತೊಂದರೆ. ಕೆಲವು ಪ್ಯಾನೆಲ್‌ಗಳು, ಅದರಲ್ಲೂ ಓಎಲ್ಇಡಿ, ಬೆಳಕಿನ ಸೂಚನೆಯನ್ನು ಡಿಸ್‌ಪ್ಲೇ ಕೇಬಲ್ಲಿನ ಡೇಟಾ ದಾರಿಯಲ್ಲೇ ಬಯಸುತ್ತವೆ, ಇಂಟೆಲ್‌ನಲ್ಲಿ ಅದೇ ಗ್ರಬ್ ಸಾಲಿಗೆ ‘ಐ915.ಎನೇಬಲ್_ಡಿಪಿಸಿಡಿ_ಬ್ಯಾಕ್‌ಲೈಟ್=1’ ಹಾಕಿ ನೋಡಬಹುದು. ಸ್ಲೈಡರ್ ಸರಿಯಿದ್ದು ಕೀಗಳು ಮಾತ್ರ ಸತ್ತಿದ್ದರೆ ಒತ್ತಿದ ಕೀಯ ಸಂಖ್ಯೆ ತೋರಿಸುವ ‘ಸುಡೊ ಇವಿಟೆಸ್ಟ್’ ಓಡಿಸಿ. ಬೆಳಕು ಇಳಿಸುವ ಕೀಗೆ 224, ಏರಿಸುವುದಕ್ಕೆ 225 ಕಾಣಬೇಕು.

ಎಕ್ಸ್‌ರ‍್ಯಾಂಡ್ಆರ್ ಕಮಾಂಡಿನ ‘--ಬ್ರೈಟ್‌ನೆಸ್ 0.6’ ಇದ್ದರಾಯಿತಲ್ಲ ಎನ್ನುವವರಿದ್ದಾರೆ. ಅದು ಬಣ್ಣಗಳನ್ನು ಮಂಕು ಮಾಡುತ್ತದೆ ಅಷ್ಟೇ, ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಉಳಿಯುವುದಿಲ್ಲ. ಸ್ಕ್ರೀನಿಗೆ ಚಿತ್ರ ಕೊಡುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಂತೂ ನಡೆಯುವುದೇ ಇಲ್ಲ. ಹಿಂದೆ ಯಾವಾಗಲೋ ಅದನ್ನು ಸ್ಟಾರ್ಟಪ್ ಸ್ಕ್ರಿಪ್ಟಿಗೆ ಸೇರಿಸಿದ್ದರೆ ತೆಗೆದುಬಿಡಿ. ಹಾಗೆಯೇ /ಇಟಿಸಿ/ಎಕ್ಸ್11/ಎಕ್ಸಾರ್ಗ್.ಕಾನ್ಫ್.ಡಿ ಒಳಗೆ ‘ಬ್ಯಾಕ್‌ಲೈಟ್’ ಆಯ್ಕೆಗೆ ‘ಎಸಿಪಿಐ_ವಿಡಿಯೊ0’ ಎಂದು ಬರೆದ ಹಳೆಯ ಫೈಲ್ ಉಳಿದಿದೆಯೇ ನೋಡಿ. ಆ ಹೆಸರಿನ ಸಾಧನ ಈಗ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಆ ಸಾಲಿಗೂ ಕೆಲಸವಿಲ್ಲ.