ಬಾಣ ತಗುಲಿದ ಜಿಂಕೆಯನ್ನು ಹುಡುಕುವುದು ಹೇಗೆ?
ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆಗೆ ಬಿಲ್ಲು ಹಿಡಿಯುವವರಿಗಾಗಿ ಬರೆಯುತ್ತಿದ್ದೇನೆ. ಬಾಣ ತಗುಲಿದ ಕೂಡಲೇ ಹಿಂದೆ ಓಡಬೇಡಿ, ಪ್ಲೀಸ್. ಓಡಿಸಿದಷ್ಟೂ ಅದು ದೂರ ಹೋಗುತ್ತದೆ, ನೋವೂ ಜಾಸ್ತಿ.

ಮೊದಲು ಬಾಣ ಹುಡುಕಿ, ಬೆರಳಲ್ಲಿ ಸವರಿ ನೋಡಿ. ನೊರೆ ನೊರೆಯಾದ ತಿಳಿಗೆಂಪು ರಕ್ತ ಇದ್ದರೆ ಶ್ವಾಸಕೋಶಕ್ಕೆ ತಗುಲಿದೆ, ಅರ್ಧ ಗಂಟೆ ಸಾಕು. ಕಡುಗೆಂಪಾದರೆ ಪಿತ್ತಜನಕಾಂಗ, ಕನಿಷ್ಠ 4 ಗಂಟೆ ಕಾಯಿರಿ. ಹಸಿರು ಲೋಳೆ, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ತಗುಲಿದೆ, ಆಗ 8ರಿಂದ 12 ಗಂಟೆ ಬಿಡಬೇಕು, ಕಷ್ಟವೇ, ಆದರೆ ಬೇರೆ ದಾರಿಯಿಲ್ಲ.

ರಕ್ತದ ಜಾಡನ್ನು ತುಳಿಯದೆ ಪಕ್ಕದಲ್ಲೇ ನಡೆಯಿರಿ. ಕೊನೆಯ ಹನಿ ಕಂಡಲ್ಲೆಲ್ಲ ಟಿಶ್ಯೂ ಚೂರು ಸಿಕ್ಕಿಸಿ. ಜಾಡು ತಪ್ಪಿತಾ? ಹಗ್ಗ ಕಟ್ಟಿದ ಜಾಡುನಾಯಿಗೆ ಎಷ್ಟೋ ರಾಜ್ಯಗಳಲ್ಲಿ ಅನುಮತಿಯಿದೆ, ಕರೆಸಿ. ಸಿಕ್ಕಾಗ ಹಿಂದಿನಿಂದ ಹೋಗಿ, ಉದ್ದನೆಯ ಕೋಲಿನಿಂದ ಕಣ್ಣು ಮುಟ್ಟಿ ನೋಡಿ. ರೆಪ್ಪೆ ಮಿಟುಕಿದರೆ ಇನ್ನೂ ಜೀವವಿದೆ.