ಗಿರಣಿ ಹಿಟ್ಟಿಗೂ ರಾಯಚೂರಿನ ಬಿಸಿಲಿಗೂ ಒಗ್ಗುವ ಬ್ರೆಡ್ ಯಂತ್ರ

ಬ್ರೆಡ್ ಯಂತ್ರ ಕೊಳ್ಳುವ ಮೊದಲು ಅದರ ಕೈಪಿಡಿಯನ್ನು ತರಿಸಿಕೊಂಡು ಓದಿ ಎಂದು ನನ್ನನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ಹೆಚ್ಚಿನ ಕಂಪನಿಗಳ ಕೈಪಿಡಿ ಅಂತರ್ಜಾಲದಲ್ಲೇ ಸಿಗುತ್ತದೆ. ಅದರಲ್ಲಿ ಒಂದು ಕೋಷ್ಟಕ ಇರುತ್ತದೆ. ಯಾವ ಬಗೆಯ ಬ್ರೆಡ್‌ಗೆ ಎಷ್ಟು ನಿಮಿಷ ನಾದುತ್ತದೆ, ಎಷ್ಟು ಹೊತ್ತು ಉಬ್ಬಲು ಬಿಡುತ್ತದೆ, ಎಷ್ಟು ಹೊತ್ತು ಬೇಯಿಸುತ್ತದೆ ಎಂಬ ಲೆಕ್ಕ ಅದು. ಡಬ್ಬದ ಮೇಲೆ ದೊಡ್ಡದಾಗಿ ಬರೆದ ‘ಹತ್ತೊಂಬತ್ತು ಬಗೆ’, ‘ಇಪ್ಪತ್ತೈದು ಬಗೆ’ಗಿಂತ ಆ ಒಂದು ಪುಟವೇ ಯಂತ್ರದ ಯೋಗ್ಯತೆಯನ್ನು ತಿಳಿಸುತ್ತದೆ. ನಾನು ಆರಿಸಿದ್ದು ಆ ಪುಟ ನೋಡಿಯೇ.

ನಮ್ಮದು ಜೋಳದ ರೊಟ್ಟಿಯ ಮನೆ. ಆದರೂ ಮಕ್ಕಳ ಡಬ್ಬಿಗೆ ಬ್ರೆಡ್ ಬೇಕಾಗುತ್ತಿತ್ತು. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬ್ರೆಡ್ ಮಾದರಿಗಳಲ್ಲಿ ಹಿಟ್ಟಿಗೆ ಬೆರೆಸುವ ರಾಸಾಯನಿಕಗಳಾದ ಪೊಟ್ಯಾಸಿಯಂ ಬ್ರೋಮೇಟ್ ಮತ್ತು ಅಯೋಡೇಟಿನ ಅಂಶ ಪತ್ತೆಹಚ್ಚಿ, ಅದೇ ವರ್ಷ ಬ್ರೋಮೇಟ್ ನಿಷೇಧವಾದಾಗಿನಿಂದ ಪೊಟ್ಟಣದ ಹಿಂಬದಿಯನ್ನು ಓದುವ ರೂಢಿ ನನಗೆ ಬಂತು. ಗೋಧಿ ಬ್ರೆಡ್ ಎಂದು ಮಾರುವ ಎಷ್ಟೋ ಪೊಟ್ಟಣಗಳಲ್ಲಿ ಮೊದಲ ಹೆಸರೇ ಮೈದಾ. ಪೂರ್ತಿ ಗೋಧಿಯ ಬ್ರೆಡ್ಡೇ ಬೇಕೆಂದರೆ ಮನೆಯಲ್ಲಿ ಮಾಡಿಕೊಳ್ಳಬೇಕು.

ಅಲ್ಲೇ ಮೊದಲ ಕಷ್ಟ ಎದುರಾಗುತ್ತದೆ. ಯಂತ್ರದ ಜೊತೆ ಬರುವ ಪಾಕಪುಸ್ತಕಗಳು ಬಹುಪಾಲು ವಿದೇಶದ ಬ್ರೆಡ್ ಹಿಟ್ಟನ್ನು ನೆಚ್ಚಿಕೊಂಡಿರುತ್ತವೆ. ನಮ್ಮ ಗಿರಣಿಯಲ್ಲಿ ಕಲ್ಲಿನ ನಡುವೆ ಬೀಸಿದ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಹೆಚ್ಚು ಒಡೆದಿರುತ್ತವೆ, ಹಾಗಾಗಿ ಅದು ಹೆಚ್ಚು ನೀರು ಕುಡಿಯುತ್ತದೆ. ಜೊತೆಗೆ ತವುಡಿನ ಚೂರುಗಳು ಅಂಟಿನ (ಗ್ಲುಟೆನ್) ಎಳೆಗಳನ್ನು ಕಡಿಯುತ್ತಿರುತ್ತವೆ. ಆದ್ದರಿಂದ ನಾದುವ ಸಮಯ ಕಡಿಮೆ ಇರುವ ಯಂತ್ರ ನಮಗೆ ಆಗದು. ನಾದುವಿಕೆ ಎರಡು ಸುತ್ತಿನಲ್ಲಿ, ಎಲ್ಲ ಸೇರಿ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಇಲ್ಲದಂತೆ ನೋಡಿಕೊಂಡೆ. ಪಾತ್ರೆಯ ಒಳಗೋಡೆಯಲ್ಲಿ ಉಬ್ಬು ಗೀರುಗಳಿವೆಯೇ ಎಂಬುದನ್ನೂ ನೋಡಿದೆ. ಅವು ಇಲ್ಲದಿದ್ದರೆ ಹಿಟ್ಟಿನ ಮುದ್ದೆ ನಾದುವ ರೆಕ್ಕೆಯ ಜೊತೆ ಸುಮ್ಮನೆ ಗಿರಗಿರ ತಿರುಗುತ್ತದೆ, ಎಳೆದಾಡಿ ಹದವಾಗುವುದಿಲ್ಲ.

ನನ್ನ ಅಳತೆ ಹೀಗಿದೆ: 400 ಗ್ರಾಂ ಗೋಧಿ ಹಿಟ್ಟು, 20 ಗ್ರಾಂ ಗ್ಲುಟೆನ್ ಪುಡಿ, 300 ಮಿಲಿ ನೀರು, ಒಂದೂವರೆ ಚಮಚ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ಸ್ವಲ್ಪ ಬೆಲ್ಲ, ಒಂದು ಚಮಚ ಇನ್‌ಸ್ಟಂಟ್ ಈಸ್ಟ್. ನಾದಲು ತೊಡಗಿ ಏಳೆಂಟು ನಿಮಿಷವಾದ ಮೇಲೆ ಮುಚ್ಚಳ ತೆರೆದು ನೋಡುತ್ತೇನೆ. ಪಾತ್ರೆಯ ಮೂಲೆಗಳಲ್ಲಿ ಒಣ ಹಿಟ್ಟು ಉಳಿದಿರಬಾರದು. ಮುದ್ದೆ ಗೋಡೆಗೆ ಅಂಟಿ, ಮರುಕ್ಷಣ ಬಿಟ್ಟುಕೊಂಡು ತಿರುಗಬೇಕು. ಬೆರಳಿಟ್ಟರೆ ಹೋಳಿಗೆಯ ಕಣಕದಷ್ಟು ಮೆತ್ತಗಿರಬೇಕು. ಚಪಾತಿ ಹಿಟ್ಟಿನ ಹದದಲ್ಲಿ ಬಿಟ್ಟರೆ ಬ್ರೆಡ್ ಗಟ್ಟಿಯಾಗುವುದು ಖಂಡಿತ. ಗಟ್ಟಿ ಕಂಡರೆ ಚಮಚ ಚಮಚವಾಗಿ ನೀರು ಬಿಡುತ್ತೇನೆ. ನಮ್ಮ ಅತ್ತೆಯವರು ಸದಕ (ಜವೆ) ಗೋಧಿಯಲ್ಲಿ ಮಾಡು ಎಂದಿದ್ದರು. ಹುಗ್ಗಿಗೆ ಅದನ್ನು ಮೀರಿಸಿದ್ದಿಲ್ಲ, ಆದರೆ ಅದರ ಅಂಟು ದುರ್ಬಲ. ಬ್ರೆಡ್ಡಿಗೆ ಕಾಲು ಪಾಲಿಗಿಂತ ಹೆಚ್ಚು ಬೆರೆಸುವುದಿಲ್ಲ.

ಇನ್ನು ಬಿಸಿಲಿನ ವಿಷಯ. ಈ ಯಂತ್ರ ಮನೆಮನೆಗೆ ಬಂದದ್ದು 1980ರ ದಶಕದ ಜಪಾನಿನಿಂದ. ಚಳಿ ದೇಶಗಳ ಅಡುಗೆಮನೆಗೆ ಹೊಂದಲೆಂದು ಕೆಲವು ಯಂತ್ರಗಳು ಗೋಧಿ ಬ್ರೆಡ್ಡಿನ ಗುಂಡಿ ಒತ್ತಿದ ಮೇಲೆ ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಎಲ್ಲವನ್ನೂ ಬೆಚ್ಚಗೆ ಮಾಡಿಕೊಂಡು ಆಮೇಲೆ ನಾದಲು ಶುರುಮಾಡುತ್ತವೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಟ್ಯಾಂಕಿನ ನೀರೇ ಕೈ ಸುಡುತ್ತದೆ. ನಾದಿ ಮುಗಿದಾಗ ಹಿಟ್ಟು 26 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಚೆನ್ನ. ಬೆಚ್ಚಗೆ ಮಾಡುವ ಹಂತ ನಮಗೆ ಬೇಡವೇ ಬೇಡ. ಅದನ್ನು ಬಿಟ್ಟುಬಿಡಲು ಅವಕಾಶವಿದೆಯೇ ಎಂದು ಕೋಷ್ಟಕದಲ್ಲಿ ಹುಡುಕಬೇಕು.

ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಸೌಲಭ್ಯಗಳು ಎರಡು: ಹಿಟ್ಟು ನಾದುವುದಷ್ಟನ್ನೇ ಮಾಡುವ ಕಾರ್ಯಕ್ರಮ ಮತ್ತು ಬೇಯಿಸುವುದಷ್ಟನ್ನೇ ಮಾಡುವ ಕಾರ್ಯಕ್ರಮ. ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಹಾಕಿ, ಈಸ್ಟನ್ನು ಮುಕ್ಕಾಲು ಚಮಚಕ್ಕಿಳಿಸಿ ನಾದಿಸುತ್ತೇನೆ. ಹಿಟ್ಟು ಪಾತ್ರೆಯ ಮುಕ್ಕಾಲು ಭಾಗಕ್ಕೆ ಏರಿದ್ದು ಕಂಡ ಕೂಡಲೇ, ಗಡಿಯಾರ ಏನೇ ಹೇಳಲಿ, ಬೇಯಿಸುವ ಗುಂಡಿ ಒತ್ತುತ್ತೇನೆ. ಯಂತ್ರದ ನಿಗದಿತ ಸಮಯಕ್ಕೆ ಕಾದರೆ ಉಬ್ಬಿದ್ದು ನಡುವೆ ಕುಸಿಯುತ್ತದೆ. ಬೇಯಿಸುವ ಸಮಯವನ್ನು ಹೆಚ್ಚು ಕಡಿಮೆ ಮಾಡಲು ಬರುವಂತಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಹಾಕಿಟ್ಟು ಬೆಳಗಿನ ಬ್ರೆಡ್ ಪಡೆಯುವ ಟೈಮರನ್ನು ಚಳಿಗಾಲಕ್ಕೆ ಮಾತ್ರ ಬಳಸುತ್ತೇನೆ, ಆಗಲೂ ಹಾಲು ಹಾಕದೆ.

ಕರೆಂಟು. ಶಕ್ತಿನಗರದ ವಿದ್ಯುತ್ ಸ್ಥಾವರ ಊರ ಪಕ್ಕದಲ್ಲೇ ಇದ್ದರೂ ನಮ್ಮ ಮನೆಗಳಲ್ಲಿ ಕರೆಂಟು ಹೋಗುವುದು ತಪ್ಪಿಲ್ಲ. ಹಲವು ಯಂತ್ರಗಳು ಹತ್ತು ಹದಿನೈದು ನಿಮಿಷದೊಳಗೆ ಕರೆಂಟು ಬಂದರೆ ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತವೆ. ಆ ನೆನಪಿನ ಶಕ್ತಿ ಇಲ್ಲದವು ಮೊದಲಿನಿಂದ ಶುರುಮಾಡಬೇಕೆನ್ನುತ್ತವೆ, ಉಬ್ಬಿದ ಹಿಟ್ಟಿಗೆ ಅದು ಮಾರಕ. ಇಲ್ಲಿನ ಅಂಗಡಿಗಳಲ್ಲಿ ಬ್ರೆಡ್ ಯಂತ್ರ ಅಪರೂಪವಾದ್ದರಿಂದ ಆನ್‌ಲೈನಿನಲ್ಲಿ ತರಿಸಿದೆ. ಬಂದ ದಿನವೇ, ಹಿಂತಿರುಗಿಸುವ ಅವಧಿ ಇರುವಾಗಲೇ, ನಾದುತ್ತಿರುವಾಗ ಸ್ವಿಚ್ ಆರಿಸಿ, ಎಂಟು ನಿಮಿಷ ಕಾದು ಮತ್ತೆ ಹಾಕಿ ಪರೀಕ್ಷಿಸಿದೆ. ನನ್ನದು 550 ವ್ಯಾಟಿನದು. ನಾದುವಾಗ ಎಳೆಯುವ ವಿದ್ಯುತ್ ಬೇಯಿಸುವಾಗಿನದಕ್ಕಿಂತ ತುಂಬಾ ಕಡಿಮೆ, ಹಾಗಾಗಿ ನಾದುವ ಭಾರವನ್ನು ಇನ್ವರ್ಟರ್ ತಡೆದುಕೊಳ್ಳುತ್ತದೆ. ಬೇಯಿಸುವುದನ್ನು ಮಾತ್ರ ಕರೆಂಟಿನಲ್ಲೇ ಮುಗಿಸಬೇಕು.

ಅಮೆರಿಕದಲ್ಲಿರುವ ಸಂಬಂಧಿಯೊಬ್ಬರು ತಮ್ಮ ಹಳೆಯ ಯಂತ್ರ ಕೊಡುತ್ತೇನೆಂದಾಗ ಬೇಡವೆಂದೆ. ಅಲ್ಲಿನದು 120 ವೋಲ್ಟ್, ನಮ್ಮದು 230. ಬೇರೆ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡರೂ ರೆಕ್ಕೆ ಸವೆದಾಗ, ಪಾತ್ರೆಯ ತಳದ ಸೀಲು ಸೋರತೊಡಗಿದಾಗ ಬಿಡಿಭಾಗ ಎಲ್ಲಿ ಸಿಗಬೇಕು? ಈ ಎರಡೂ ಇಲ್ಲಿಯೇ ಸಿಗುವ ಯಂತ್ರವನ್ನೇ ಕೊಳ್ಳಿ. ಗಾತ್ರ ನಾಲ್ವರ ಮನೆಗೆ 700 ಗ್ರಾಂ ಸಾಕು.

ಜೋಳದ ಹಿಟ್ಟಿನದೇ ಬ್ರೆಡ್ ಬೇಕೆಂದು ಕೇಳುವವರಿದ್ದಾರೆ. ಜೋಳದಲ್ಲಿ ಅಂಟಿಲ್ಲ, ಅದಕ್ಕೆ ಇಸಬಗೋಲ್ ಹಾಕಿ, ಒಂದೇ ಸಲ ಉಬ್ಬಿಸುವ ಗ್ಲುಟೆನ್‌ರಹಿತ ಕಾರ್ಯಕ್ರಮ ಬೇಕು. ನಾನು 400 ಗ್ರಾಂನಲ್ಲಿ 80 ಗ್ರಾಂ ಜೋಳ ಬೆರೆಸುತ್ತೇನೆ. ಉಬ್ಬು ತುಸು ತಗ್ಗುತ್ತದೆ, ರುಚಿ ಏರುತ್ತದೆ. ಬ್ರೆಡ್ ಪೂರ್ತಿ ಆರಿದ ಮೇಲೆಯೇ ಕೊಯ್ಯಿರಿ. ಬೇಸಿಗೆಯಲ್ಲಿ ಎರಡನೇ ದಿನಕ್ಕೆ ಹೊರಗಿಡಬೇಡಿ, ಹೋಳುಗಳನ್ನು ಫ್ರೀಜರಿನಲ್ಲಿಡಿ. ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಬೇಗ ಒಣಗಿ ಬಿರುಸಾಗುತ್ತದೆ. ಹಾಗೆ ಬಿರುಸಾದ ಹೋಳುಗಳನ್ನು ತುಪ್ಪದಲ್ಲಿ ಕರಿದು ಡಬಲ್ ಕಾ ಮೀಠಾ ಮಾಡಬಹುದು.